ನೆರಿಗೆಯ ಮರೆಯಲ್ಲಿ ಊದಿದ ಕಾಲು

ನನ್ನ ಅತ್ತಿಗೆಗೆ ರಾತ್ರಿ ಕಾಲುಂಗುರ ತೆಗೆಯಲು ಸೋಪು ಬೇಕಾಗುತ್ತಿತ್ತು. ಬೆಳಿಗ್ಗೆ ಸಲೀಸಾಗಿ ತಿರುಗುತ್ತಿದ್ದ ಬೆಳ್ಳಿ ಉಂಗುರ ರಾತ್ರಿ ಹತ್ತರ ಹೊತ್ತಿಗೆ ಬೆರಳಿನಲ್ಲಿ ಹೂತುಹೋಗಿರುತ್ತಿತ್ತು. ಬಚ್ಚಲ ಕಟ್ಟೆಯ ಮೇಲೆ ಕೂತು, ನೊರೆ ಹಚ್ಚಿ, ಅತ್ತಿತ್ತ ತಿರುಗಿಸುತ್ತಾ, "ಕಾಲೋ ಇವು ಬಾಳೆದಿಂಡೋ ನೋಡೇ" ಅಂತ ನಗುತ್ತಿದ್ದರು. ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು. ಗಿಣ್ಣಿನ ಹತ್ತಿರ ಹೆಬ್ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಬಿದ್ದ ಗುಳಿ ತುಂಬಿಕೊಳ್ಳಲು ತುಸು ಹೊತ್ತೇ ಹಿಡಿಯುತ್ತಿತ್ತು.

ಅವರು ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದವರು. ಬೆಳಿಗ್ಗೆ ಒಂಬತ್ತೂವರೆಗೆ ಒಳಗೆ ಹೋದರೆ ರಾತ್ರಿ ಒಂಬತ್ತಕ್ಕೆ ಹೊರಗೆ. ಎಲ್ಲರಿಗೂ ಒಂದೇ ಬಣ್ಣದ ಸೀರೆ, ಭುಜದ ಮೇಲೆ ಪಿನ್ನು ಹಾಕಿದ ಸೆರಗು, ತುಟಿಗೆ ತೆಳುವಾಗಿ ಬಣ್ಣ, ಮುಡಿಯಲ್ಲಿ ಹೂವು. ಗಿರಾಕಿ ಇರಲಿ, ಇಲ್ಲದಿರಲಿ, ಕೂರುವಂತಿಲ್ಲ. ಗಿರಾಕಿಗಳಿಗೆಂದು ಇಟ್ಟ ಸ್ಟೂಲುಗಳು ಮಧ್ಯಾಹ್ನದ ಎರಡು ಗಂಟೆಯ ಬಿಕೋ ಹೊತ್ತಿನಲ್ಲೂ ಖಾಲಿಯೇ ಇರುತ್ತಿದ್ದವು.

ಕಾಲು ಊದುವುದು ಸುಸ್ತಿಗೆ ಎಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಎಣ್ಣೆ ತಿಕ್ಕಿ, ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡುವುದು, ಮಲಗಿ ಎದ್ದರೆ ಸರಿಹೋಗುತ್ತದೆ ಅನ್ನುವುದು. ಮಲಗಿ ಎದ್ದರೆ ಸರಿಹೋಗುತ್ತಿತ್ತು ಕೂಡ, ಕೆಲವು ವರ್ಷ. ಹಾಗೆ ಸರಿಹೋಗುತ್ತಿದ್ದುದೇ ನಮ್ಮನ್ನು ಯಾಮಾರಿಸಿತು.

ಕಾಲಿನೊಳಗೆ ಏನಾಗುತ್ತದೆ ಅನ್ನುವುದನ್ನು ಹೊಲದ ಪಂಪ್‌ಸೆಟ್ ನೋಡಿದವರಿಗೆ ಸುಲಭವಾಗಿ ಹೇಳಬಹುದು. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ನೀರು ಮೇಲಕ್ಕೆ ಹೋಗಬಹುದು, ಕೆಳಕ್ಕೆ ಜಾರುವಂತಿಲ್ಲ. ನಮ್ಮ ಕಾಲಿನ ಅಭಿಧಮನಿಗಳಲ್ಲಿ, ಅಂದರೆ ಕೆಟ್ಟ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳಲ್ಲಿ, ಇಂಥ ಪುಟ್ಟ ಪುಟ್ಟ ಕವಾಟಗಳು ಉದ್ದಕ್ಕೂ ಇವೆ. ಪಾದದಿಂದ ಎದೆಯವರೆಗೆ ರಕ್ತ ಹತ್ತುವುದು ನಾಲ್ಕು ಅಡಿಯ ಏರು. ಹೃದಯ ದೂಡಿದ ರಭಸ ಪಾದಕ್ಕೆ ಬರುವಷ್ಟರಲ್ಲಿ ಬಹುಪಾಲು ಇಳಿದುಹೋಗಿರುತ್ತದೆ. ಹಾಗಾದರೆ ಮೇಲಕ್ಕೆ ಎತ್ತುವ ಮೋಟಾರು ಯಾವುದು? ಮೀನಖಂಡ. ಹೆಜ್ಜೆ ಇಟ್ಟಾಗಲೆಲ್ಲ ಮೊಣಕಾಲ ಕೆಳಗಿನ ಆ ದಪ್ಪ ಸ್ನಾಯು ಬಿಗಿದು, ಒಳಗಿನ ನಾಳಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸಡಿಲವಾದಾಗ ಕವಾಟ ಮುಚ್ಚಿಕೊಳ್ಳುತ್ತದೆ. ವೈದ್ಯರು ಇದನ್ನು ಎರಡನೆಯ ಹೃದಯ ಎನ್ನುವುದು ಇದಕ್ಕೇ.

ನಿಂತಲ್ಲೇ ನಿಂತರೆ ಮೋಟಾರು ಬಂದ್. ಅಲುಗಾಡದೆ ನಿಂತವರ ಪಾದದ ಗಿಣ್ಣಿನ ಬಳಿ ಅಭಿಧಮನಿಯೊಳಗಿನ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರಿಗೆ ಏರುತ್ತದೆ. ಅದೇ ಮನುಷ್ಯ ನಡೆಯತೊಡಗಿದರೆ ಕೆಲವೇ ಹೆಜ್ಜೆಗಳಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ನಡೆಯುವ ಕೆಲಸಕ್ಕಿಂತ ನಿಲ್ಲುವ ಕೆಲಸ ಕಾಲಿಗೆ ಹೆಚ್ಚು ಭಾರ. ಗದ್ದೆಯಲ್ಲಿ ದಿನವಿಡೀ ಓಡಾಡಿದ ಅಜ್ಜಿಯ ಕಾಲಿಗಿಂತ ಎ.ಸಿ. ಅಂಗಡಿಯಲ್ಲಿ ನಿಂತ ಮೊಮ್ಮಗಳ ಕಾಲು ಬೇಗ ಊದುವುದರ ಗುಟ್ಟು ಇಲ್ಲಿದೆ.

ಒತ್ತಡ ದಿನಾ ಇಷ್ಟಿಷ್ಟೇ ಏರಿ ಇಳಿದು, ನಾಳದ ಗೋಡೆ ಹಿಗ್ಗುತ್ತದೆ. ಗೋಡೆ ಹಿಗ್ಗಿದರೆ ಕವಾಟದ ಎರಡು ರೆಕ್ಕೆಗಳು ಒಂದಕ್ಕೊಂದು ತಾಕುವುದಿಲ್ಲ. ಫುಟ್‌ವಾಲ್ವ್ ಸೋರತೊಡಗಿತು ಅಂತ ಲೆಕ್ಕ. ಮೇಲಿನ ರಕ್ತ ಕೆಳಕ್ಕೆ ಜಾರಿ ಕೆಳಗಿನ ಕವಾಟದ ಮೇಲೆ ಬೀಳುತ್ತದೆ, ಅದೂ ಸೋತರೆ ಅದರ ಕೆಳಗಿನದು. ಕೊನೆಗೆ ಚರ್ಮದಡಿ ನೀಲಿ ಹಗ್ಗದ ಹಾಗೆ ಗಂಟುಗಂಟಾಗಿ ನಾಳ ಉಬ್ಬಿ ಕಾಣುತ್ತದೆ. ವೆರಿಕೋಸ್ ವೇನ್ಸ್ ಅಂದರೆ ಇದೇ. ನಮ್ಮ ಕಡೆ "ನರ ಸುರುಳಿ ಸುತ್ತಿದೆ" ಅನ್ನುತ್ತಾರೆ. ಅದು ನರವಲ್ಲ, ರಕ್ತನಾಳ. ಆದರೂ ಸುರುಳಿ ಅನ್ನುವ ಮಾತು ಒಪ್ಪುತ್ತದೆ.

ಹೆಂಗಸರಿಗೆ ಇದರಲ್ಲಿ ಒಂದು ಹೆಚ್ಚಿನ ಹೊರೆಯಿದೆ. ಬಸುರಿಯಲ್ಲಿ ಮೈಯ ರಕ್ತದ ಪ್ರಮಾಣವೇ ಹೆಚ್ಚುತ್ತದೆ, ಪ್ರೊಜೆಸ್ಟರಾನ್ ಹಾರ್ಮೋನು ನಾಳದ ಗೋಡೆಯನ್ನು ಸಡಿಲಗೊಳಿಸುತ್ತದೆ, ಬೆಳೆದ ಗರ್ಭಕೋಶ ಕಾಲಿನಿಂದ ಬರುವ ದೊಡ್ಡ ನಾಳಗಳನ್ನು ಹೊಟ್ಟೆಯೊಳಗೆ ಅದುಮುತ್ತದೆ. ಎರಡು ಹೆರಿಗೆಯಾದ ಕಾಲನ್ನು ಹನ್ನೊಂದು ಗಂಟೆ ನಿಲ್ಲಿಸಿದರೆ ಅದು ಏನೆಂದೀತು? ಡೆನ್ಮಾರ್ಕಿನಲ್ಲಿ ಸಾವಿರಾರು ಕೆಲಸಗಾರರನ್ನು 12 ವರ್ಷ ಗಮನಿಸಿದರು. ಕೆಲಸದ ಮುಕ್ಕಾಲು ಪಾಲು ಹೊತ್ತು ನಿಂತು ಅಥವಾ ಓಡಾಡಿಕೊಂಡು ಇರುವವರು ವೆರಿಕೋಸ್ ವೇನ್ಸ್‌ಗೆ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು 1.8 ಪಟ್ಟು ಹೆಚ್ಚಿತ್ತು. ಕೆನಡಾದ ಒಂಟಾರಿಯೊದಲ್ಲಿ ಸುಮಾರು 7,300 ಜನರನ್ನು ಅಷ್ಟೇ ಕಾಲ ಹಿಂಬಾಲಿಸಿದ ಇನ್ನೊಂದು ಅಧ್ಯಯನ, ಹೆಚ್ಚಾಗಿ ನಿಂತು ಕೆಲಸ ಮಾಡುವವರಿಗೆ ಕೂತು ಮಾಡುವವರಿಗಿಂತ ಹೃದ್ರೋಗದ ಅಪಾಯ ಎರಡು ಪಟ್ಟಿನ ಹತ್ತಿರ ಎಂದಿತು. "ಕೂತರೆ ಕಾಯಿಲೆ" ಎಂದು ಆಫೀಸಿನವರಿಗೆ ಹೇಳಿದ ಬುದ್ಧಿಮಾತು ಸೀರೆ ಅಂಗಡಿಯ ಹುಡುಗಿಗೆ ಅನ್ವಯಿಸುವುದಿಲ್ಲ.

ಈ ಕಾಯಿಲೆಯಲ್ಲಿ ಸೀರೆಯದೂ ಒಂದು ಪಾತ್ರವಿದೆ. ಸೀರೆ ಕಾಯಿಲೆ ತರುವುದಿಲ್ಲ, ಮುಚ್ಚಿಡುತ್ತದೆ. ಲಂಗ, ಮೇಲೆ ನೆರಿಗೆ, ಫಾಲ್ ನೆಲ ಮುಟ್ಟುತ್ತಿರುತ್ತದೆ. ಚಡ್ಡಿ ಹಾಕುವ ಗಂಡಸಿನ ಕಾಲಲ್ಲಿ ನೀಲಿ ಗೆರೆ ಮೂಡಿದರೆ ಮನೆಯವರೆಲ್ಲ ನೋಡುತ್ತಾರೆ. ಅತ್ತಿಗೆಯ ಎಡಗಾಲಿನಲ್ಲಿ, ಒಳಗಿನ ಗಿಣ್ಣಿನ ಮೇಲೆ, ಅಂಗೈಯಗಲ ಚರ್ಮ ಕಪ್ಪಾಗಿದ್ದನ್ನು ಅಣ್ಣ ಕೂಡ ಗಮನಿಸಿರಲಿಲ್ಲ. ಅವರೇ "ಸೊಳ್ಳೆ ಕಚ್ಚಿ ಕೆರೆದದ್ದು" ಅಂದುಕೊಂಡು ಬೋರೋಲಿನ್ ಹಚ್ಚುತ್ತಿದ್ದರಂತೆ.

ಆ ಜಾಗ ನೆನಪಿಟ್ಟುಕೊಳ್ಳಿ: ಒಳಗಿನ ಗಿಣ್ಣಿನಿಂದ ನಾಲ್ಕು ಬೆರಳು ಮೇಲೆ. ಒತ್ತಡ ತಾಳಲಾರದೆ ರಕ್ತಕಣಗಳು ನಾಳದಿಂದ ಹೊರಗೆ ಜಿನುಗಿ, ಅವುಗಳ ಕಬ್ಬಿಣದ ಅಂಶ ಚರ್ಮದಲ್ಲಿ ಕೂತು ತುಕ್ಕಿನ ಬಣ್ಣ ಬರುವುದು ಅಲ್ಲಿಯೇ. ಮೊದಲು ಸಂಜೆಯ ಭಾರ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಆಮೇಲೆ ಊತ. ಆಮೇಲೆ ತುರಿಕೆ, ಕಪ್ಪು, ಚರ್ಮ ತೊಗಲಿನ ಹಾಗೆ ಗಟ್ಟಿಯಾಗುವುದು. ಕಡೆಗೆ ಒಂದು ದಿನ ಮಂಚದ ಕಾಲು ತಾಕಿದ ಸಣ್ಣ ಗೀರು ಮಾಯದೆ ಹುಣ್ಣಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಹುಣ್ಣಿನವರೆಗೆ ಎಲ್ಲರೂ ಹೋಗುವುದಿಲ್ಲ. ಕಪ್ಪು ಬಣ್ಣ ಕಂಡಾಗಲೇ ತೋರಿಸಿದವರು ಬಹುಮಟ್ಟಿಗೆ ಬಚಾವ್.

ತೋರಿಸುವಾಗ ಸಂಕೋಚ ಬಿಡಬೇಕು. ಮೊಣಕಾಲಿನ ಮೇಲಿನವರೆಗೆ ಕಾಲು ಕಾಣಬೇಕು, ಅದೂ ನಿಂತುಕೊಂಡು, ಏಕೆಂದರೆ ಮಲಗಿದರೆ ಉಬ್ಬು ಇಳಿದುಬಿಡುತ್ತದೆ. ಡಾಪ್ಲರ್ ಸ್ಕ್ಯಾನನ್ನೂ ನಿಲ್ಲಿಸಿಯೇ ಮಾಡುತ್ತಾರೆ, ಯಾವ ಕವಾಟ ಎಷ್ಟು ಸೋರುತ್ತಿದೆ ಎಂದು ಅದರಲ್ಲಿ ಕಾಣುತ್ತದೆ. ಸೋರುವ ನಾಳವನ್ನು ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ಒಳಗಿನಿಂದಲೇ ಮುಚ್ಚುವುದು ಈಗಿನ ರೂಢಿ. ಸಣ್ಣವಕ್ಕೆ ಇಂಜೆಕ್ಷನ್ ಕೊಟ್ಟು ಒಣಗಿಸುತ್ತಾರೆ. ಕೊಯ್ದು ಎಳೆದು ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆಯೂ ಇದೆ. ಅತ್ತಿಗೆ ವೈದ್ಯರನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾಳ ಮುಚ್ಚಿಬಿಟ್ರೆ ರಕ್ತ ಎಲ್ಲಿಗ್ ಹೋಗ್ತದೆ ಸಾರ್?" ಸರಿಯಾದ ಪ್ರಶ್ನೆಯೇ. ಕಾಲಿನ ರಕ್ತದಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲೇ ಹರಿಯುತ್ತದೆ. ಮೇಲ್ಪದರದ ಕೆಟ್ಟ ನಾಳ ಮುಚ್ಚಿದರೆ ನಷ್ಟವಿಲ್ಲ, ರಕ್ತ ಒಳದಾರಿ ಹಿಡಿಯುತ್ತದೆ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ವಿಪರೀತ ನೋಯುತ್ತಿದ್ದರೆ ಆಳದ ನಾಳದಲ್ಲೇ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಿಕ್ಕುವುದು, ಕಾಯುವುದು ಏನೂ ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಗೆ ಮೊದಲೂ ಆಮೇಲೂ ಬಿಗಿ ಕಾಲುಚೀಲ ಹೇಳುತ್ತಾರೆ. ಪಾದದ ಬಳಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ, ಹಾಗೆ ನೇಯ್ದಿರುತ್ತಾರೆ. ಅದನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಅಡುಗೆ, ಸ್ನಾನ, ಮಕ್ಕಳ ಡಬ್ಬಿ ಎಲ್ಲ ಮುಗಿಸಿ ಒಂಬತ್ತಕ್ಕೆ ಹಾಕಿಕೊಂಡರೆ ಆಗಲೇ ಕಾಲು ತುಂಬಿರುತ್ತದೆ, ಚೀಲ ಏರುವುದೂ ಕಷ್ಟ. ಬೆಳಗಿನ ಸ್ನಾನವನ್ನು ರಾತ್ರಿಗೆ ಬದಲಿಸಿಕೊಳ್ಳುವುದೇ ಇದಕ್ಕೆ ಉಪಾಯ ಎಂದು ಅತ್ತಿಗೆ ಕಂಡುಕೊಂಡರು. ಬೆರಳು ಬಿಟ್ಟಿರುವ, ಮೊಣಕಾಲುವರೆಗಿನ ಚೀಲವಾದರೆ ಸೆಕೆಗೂ ಪರವಾಗಿಲ್ಲ, ಕಾಲುಂಗುರಕ್ಕೂ ಅಡ್ಡಿಯಿಲ್ಲ. ಮಧುಮೇಹ ಇರುವವರು, ನಡೆದರೆ ಕಾಲು ಹಿಡಿದುಕೊಂಡು ನಿಲ್ಲಬೇಕಾಗುವವರು ಪಾದಕ್ಕೆ ರಕ್ತ ಬರುವ ನಾಳಗಳನ್ನು ಪರೀಕ್ಷೆ ಮಾಡಿಸದೆ ಅಂಗಡಿಯಿಂದ ತಂದು ಹಾಕಬಾರದು. ಬರುವ ರಕ್ತವೇ ಕಡಿಮೆಯಿದ್ದಾಗ ಬಿಗಿದರೆ ಅನಾಹುತ. ಇಷ್ಟು ದಿನ ರೋಗ ಮುಚ್ಚಿಟ್ಟ ಲಂಗ ಈಗ ಮದ್ದನ್ನೂ ಮುಚ್ಚುತ್ತದೆ. ಕೌಂಟರಿನಲ್ಲಿ ಯಾರಿಗೂ ಚೀಲ ಕಾಣುವುದಿಲ್ಲ.

ಲಂಗದ ಮಾತು ಬಂತು, ಲಾಡಿಯ ಬಗ್ಗೆಯೂ ಒಂದು ಮಾತು. ಹನ್ನೆರಡು ಗಂಟೆ ಸೀರೆ ಜಾರಬಾರದೆಂದು ಹುರಿಯಂಥ ಲಾಡಿಯನ್ನು ಬಿಗಿದು ಗಂಟು ಹಾಕಿದರೆ ಸೊಂಟದ ಸುತ್ತ ಕಪ್ಪು ಬರೆ ಬೀಳುತ್ತದೆ. 2024ರಲ್ಲಿ ಬಿ.ಎಂ.ಜೆ. ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ಪ್ರಕರಣ ಬರೆದಿದ್ದರು. ದಶಕಗಟ್ಟಲೆ ಬಿಗಿತ ಬಿದ್ದ ಸೊಂಟದ ಜಾಗದಲ್ಲಿ ಮಾಯದ ಹುಣ್ಣಾಗಿ, ಅದೇ ಕ್ಯಾನ್ಸರಿಗೆ ತಿರುಗಿತ್ತು. ದಿನಪತ್ರಿಕೆಗಳು "ಸೀರೆ ಕ್ಯಾನ್ಸರ್" ಎಂದು ದೊಡ್ಡಕ್ಷರದಲ್ಲಿ ಬರೆದು ಹೆದರಿಸಿದವು. ಇದು ತೀರಾ ಅಪರೂಪ, ಸೀರೆ ಬಿಡಬೇಕಾಗಿಲ್ಲ. ಎರಡು ಬೆರಳು ಅಗಲದ ಪಟ್ಟಿ ಹೊಲಿಸಿಕೊಂಡು, ಗಂಟಿನ ಜಾಗ ದಿನಾ ಬದಲಿಸಿ, ಅಲ್ಲಿ ಹುಣ್ಣಾಗಿ ಮಾಯದಿದ್ದರೆ ತೋರಿಸಿದರೆ ಸಾಕು. ಈಗ ಬಂದಿರುವ ಮೈಗಂಟುವ ಇಲಾಸ್ಟಿಕ್ ಪೆಟಿಕೋಟಿಗೆ ಲಾಡಿಯ ಕಾಟವಿಲ್ಲ, ಆದರೆ ಹೆಜ್ಜೆಯ ಅಗಲ ಕಡಿಮೆಯಾಗುತ್ತದೆ. ಹೆಜ್ಜೆ ಕಡಿಮೆಯಾದರೆ ಮೋಟಾರಿಗೂ ಕೆಲಸ ಕಡಿಮೆ.

ಚಪ್ಪಲಿಯದ್ದೂ ಇದೇ ಲೆಕ್ಕ. ಎತ್ತರದ ಹಿಮ್ಮಡಿ ಹಾಕಿದರೆ ಗಿಣ್ಣು ಪೂರ್ತಿ ಮಡಚುವುದಿಲ್ಲ, ಮೀನಖಂಡ ಅರ್ಧವೇ ಹಿಂಡುತ್ತದೆ. ಹಾಗೆಂದು ಸವೆದ ಹವಾಯಿ ಚಪ್ಪಲಿಯಲ್ಲಿ ಟೈಲ್ಸಿನ ಮೇಲೆ ನಿಂತರೆ ಅಂಗಾಲಿನ ಪಟ್ಟಿ ಎಳೆದುಕೊಂಡು, ಬೆಳಿಗ್ಗೆ ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಒಂದಿಂಚಿನ ಹಿಮ್ಮಡಿ, ಮೆತ್ತನೆಯ ಅಟ್ಟೆ, ಸಂಜೆ ಊದಿದಾಗ ಸಡಿಲಿಸಬಹುದಾದ ಪಟ್ಟಿ, ಇಷ್ಟಿದ್ದರೆ ಚೆಂದಕ್ಕೂ ಕುಂದಿಲ್ಲ. ಚಪ್ಪಲಿ ಕೊಳ್ಳಲು ಸಂಜೆಯ ಹೊತ್ತು ಹೋಗಿ. ಬೆಳಗಿನ ಅಳತೆ ರಾತ್ರಿಗೆ ಸುಳ್ಳಾಗುತ್ತದೆ.

ಕಾಲಿಗಿಂತ ಹೆಚ್ಚಾಗಿ ಹೆಂಗಸರು ಬಾಯಿಬಿಡದ ಸಂಗತಿ ಒಂದಿದೆ. ಅತ್ತಿಗೆಯ ಚೀಲದಲ್ಲಿ ಒಂದು ಲೀಟರಿನ ನೀರಿನ ಬಾಟಲಿ ಇರುತ್ತಿತ್ತು. ರಾತ್ರಿ ಅದು ಮುಕ್ಕಾಲು ತುಂಬಿಯೇ ವಾಪಸ್ ಬರುತ್ತಿತ್ತು. ಅಂಗಡಿಯ ಮೂರು ಮಹಡಿಗೆ ಸಿಬ್ಬಂದಿಯ ಶೌಚಾಲಯ ಒಂದೇ, ಅದೂ ಗೋದಾಮಿನ ಹಿಂದೆ. ಹೋಗಬೇಕಾದರೆ ಫ್ಲೋರ್ ಮ್ಯಾನೇಜರಿಗೆ ಹೇಳಿ ಹೋಗಬೇಕು, ಅವನ ವಯಸ್ಸು ಇಪ್ಪತ್ತಾರು. "ಅವನ್ ಮುಂದ್ ಹೋಗಿ ನಿಂತು ಏನಂತ ಕೇಳ್ಲಿ?" ಕೇಳುವುದಕ್ಕಿಂತ ಕುಡಿಯದಿರುವುದೇ ಲೇಸು. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದು 20ರ ಹತ್ತಿರ. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾಗೆ ಹೆಂಗಸರ ಮೂತ್ರಕೋಶ ಅಷ್ಟು ಹತ್ತಿರ. ಆಗಾಗ ನೀರು ಹೋಗಿ ತೊಳೆದುಬಿಟ್ಟರೆ ಅವು ನೆಲೆಯೂರುವುದಿಲ್ಲ. ನೀರು ಕುಡಿಯದೆ, ಬಂದದ್ದನ್ನೂ ತಡೆದು ಕೂತರೆ ಅವಕ್ಕೆ ಹಬ್ಬ. ಉರಿ, ಪದೇಪದೇ ಹೋಗಬೇಕೆನಿಸುವುದು, ಚಳಿಜ್ವರ. ವರ್ಷಕ್ಕೆ ಮೂರು ನಾಲ್ಕು ಸಲ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಮರೆತವರು ಅತ್ತಿಗೆಯ ಜೊತೆಗಾತಿಯರಲ್ಲಿ ಬಹಳ ಮಂದಿ.

ಮುಟ್ಟಿನ ದಿನ ಇದೆಲ್ಲ ಇಮ್ಮಡಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ವೇತನ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನನಗೆ ಖುಷಿಯಾಗಿತ್ತು. ಅತ್ತಿಗೆ ಕೇಳಿದ್ದು, "ಉಳಿದ ದಿನ?" ಅಂತ. ಜೊತೆಗೆ ರಕ್ತಹೀನತೆಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ನಡುವಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತ ಕಡಿಮೆ. ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಇರುವುದೇ ತೆಳು ರಕ್ತ, ಮೇಲೆ ಬೆಳಗಿನ ತಿಂಡಿಯಿಲ್ಲ ಅಂದರೆ ಹಬ್ಬದ ಸೀಸನ್ನಿನಲ್ಲಿ ಹುಡುಗಿಯರು ಕೌಂಟರಿನಲ್ಲೇ ತಲೆ ತಿರುಗಿ ಬೀಳುವುದು ಆಶ್ಚರ್ಯವೇನಲ್ಲ.

ಇಷ್ಟೆಲ್ಲ ಕಂಡ ಮೇಲೆ ನನ್ನನ್ನು ಕಾಡುವುದು ಬೇರೆಯೇ ಒಂದು ಪ್ರಶ್ನೆ. ಸೀರೆ ಮಾರಲು ನಿಲ್ಲಬೇಕೇ? ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಅಂಗಡಿಗಳಿಗೆ ಹೋದವರಿಗೆ ಗೊತ್ತು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಗೋಡೆಯಿಂದ ಗೋಡೆಗೆ ಬಿಳಿ ಹೊದಿಕೆಯ ಗಾದಿ. ಗಿರಾಕಿಯೂ ಕೂರುತ್ತಾರೆ, ಅಂಗಡಿಯವನೂ ಚಕ್ಕಂಬಕ್ಕಲ ಹಾಕಿ ಕೂತು ಸೀರೆ ಬಿಚ್ಚಿ ಎಸೆಯುತ್ತಾನೆ. ಜರಿ ಬೆಳಕಿಗೆ ಹಿಡಿಯುವುದು, ಸೆರಗು ತೋರಿಸುವುದು, ಮಡಚುವುದು, ಎಲ್ಲವೂ ಕೂತೇ ನಡೆಯುತ್ತದೆ. ಆ ಗಾದಿಯ ಮೇಲೆ ಬಹುತೇಕ ಗಂಡಸರೇ ಇದ್ದರು. ಗಾಜಿನ ಬಾಗಿಲಿನ ಬಹುಮಹಡಿ ಮಳಿಗೆಗಳು ಬಂದು, ಮಾರುವ ಕೆಲಸಕ್ಕೆ ಹುಡುಗಿಯರು ಬಂದಾಗ ಗಾದಿ ಹೋಗಿ ಕೌಂಟರ್ ಬಂತು. ಕೂತು ಮಾಡುತ್ತಿದ್ದ ಕೆಲಸ ನಿಂತು ಮಾಡುವ ಕೆಲಸವಾಯಿತು. ಕೆಲಸ ಬದಲಾಗಲಿಲ್ಲ, ಮಾಡುವವರು ಬದಲಾದರು. ನಿಲ್ಲುವುದು ಇಲ್ಲಿ ಅಲಂಕಾರದ ಭಾಗ, ಒಂದೇ ಬಣ್ಣದ ಸೀರೆಯ ಹಾಗೆ, ಮುಡಿಯ ಹೂವಿನ ಹಾಗೆ. ಗೊಂಬೆಗೆ ಸೀರೆ ಉಡಿಸಿ ನಿಲ್ಲಿಸಿದವರು ಅದರ ಪಕ್ಕ ಹುಡುಗಿಯನ್ನೂ ನಿಲ್ಲಿಸಿದರು.

ಈ ಜಗಳ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1899ರಲ್ಲೇ ಅಂಗಡಿಯ ಪ್ರತಿ ಮೂರು ಹೆಂಗಸರಿಗೆ ಒಂದು ಆಸನ ಇಡಬೇಕೆಂದು ಕಾನೂನು ಮಾಡಿದ್ದರು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು, ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಎಂದಿತ್ತು. ಆದರೆ ಸೀರೆ ಅಂಗಡಿ ಕಾರ್ಖಾನೆಯಲ್ಲವಲ್ಲ.

ಅಂಗಡಿಯಲ್ಲಿ ದುಡಿಯುವವರ ಪರವಾಗಿ ಗದ್ದಲ ಎದ್ದದ್ದು ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯಲ್ಲಿ. ಹೊಲಿಗೆ ಕೆಲಸದ ವಿಜಿ ಎಂಬುವರು ಅಲ್ಲಿನ ಹೆಂಗಸರನ್ನು ಕಲೆಹಾಕಿ "ಪೆಣ್‌ಕೂಟ್ಟ್" ಎಂಬ ಗುಂಪು ಕಟ್ಟಿದರು. ಹಳಗನ್ನಡ ಓದಿದವರಿಗೆ ಪೆಣ್ ಅಂದರೆ ಏನೆಂದು ಹೇಳಬೇಕಿಲ್ಲ, ಹೆಣ್ಣುಗಳ ಕೂಟ. ಅವರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಆಸನ. ಆ ಚಳವಳಿಗೆ "ಇರಿಕ್ಕಲ್ ಸಮರ" ಎಂದು ಹೆಸರಾಯಿತು, ಕೂರುವ ಹೋರಾಟ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಆಸನವನ್ನು ಕಡ್ಡಾಯ ಮಾಡಿತು, ಆ ವರ್ಷ ಬಿ.ಬಿ.ಸಿ.ಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿ ಹೆಸರಿತ್ತು. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ವಿಧಾನಸಭೆಯಲ್ಲೂ ಇಂಥದೇ ಮಸೂದೆ ಬಂತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು ಕೊಡಲೇಬೇಕು ಎನ್ನುತ್ತದೆ. ಅತ್ತಿಗೆಯ ಊಟದ ಬಿಡುವು ಇಪ್ಪತ್ತು ನಿಮಿಷ, ಅದರಲ್ಲಿ ಮೆಟ್ಟಿಲು ಹತ್ತಿ ಇಳಿಯುವುದೂ ಸೇರಿತ್ತು. ಕೇಂದ್ರದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಿಂತು ಕೆಲಸ ಮಾಡಬೇಕಾದವರಿಗೆ ಕೂರುವ ವ್ಯವಸ್ಥೆಯ ಮಾತು ಅದರಲ್ಲೂ ಇದೆ.

ಕುರ್ಚಿ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ದಿನವಿಡೀ ಕೂತರೂ ಮೀನಖಂಡ ಸುಮ್ಮನೇ ಇರುತ್ತದೆ. ಕೌಂಟರಿನ ಎತ್ತರಕ್ಕೆ ಹೊಂದುವ, ಅರ್ಧ ಕೂತು ಅರ್ಧ ನಿಂತಂತೆ ಒರಗಬಹುದಾದ ಎತ್ತರದ ಸ್ಟೂಲು ಈ ಕೆಲಸಕ್ಕೆ ಚೆನ್ನ. ಕೌಂಟರಿನ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟು ಒಂದೊಂದೇ ಕಾಲನ್ನು ಸರದಿಯಂತೆ ಅದರ ಮೇಲಿಟ್ಟರೆ ಸೊಂಟಕ್ಕೆ ಹಾಯೆನಿಸುತ್ತದೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು ಯಾರಿಗೂ ಕಾಣದ ವ್ಯಾಯಾಮ, ನೆರಿಗೆಯ ಒಳಗೆ ಎಷ್ಟು ಬೇಕಾದರೂ ಮಾಡಬಹುದು. ರಾತ್ರಿ ಕಾಲ ಕೆಳಗೆ ಎರಡು ದಿಂಬಿಟ್ಟು ಪಾದ ಎದೆಗಿಂತ ಮೇಲಿರುವಂತೆ ಕಾಲು ಗಂಟೆ ಮಲಗುವುದು ಎಣ್ಣೆ ತಿಕ್ಕುವುದಕ್ಕಿಂತ ವಾಸಿ.

ಅತ್ತಿಗೆ ಲೇಸರ್ ಮಾಡಿಸಿಕೊಂಡ ಮೇಲೆ ಅಂಗಡಿ ಬಿಟ್ಟರು. ಈಗ ಮನೆಯಲ್ಲೇ ಫಾಲ್ ಹೊಲಿಯುತ್ತಾರೆ, ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಗಂಟೆಗೊಮ್ಮೆ ಎದ್ದು ಹಿತ್ತಲಿಗೊಂದು ಸುತ್ತು ಹಾಕಿ ಬರುತ್ತಾರೆ. ಹೋದ ತಿಂಗಳು ಮಗಳ ನಿಶ್ಚಿತಾರ್ಥಕ್ಕೆ ಸೀರೆ ತರಲು ನಾನೂ ಅವರೂ ಬೇರೊಂದು ಅಂಗಡಿಗೆ ಹೋಗಿದ್ದೆವು. ತೋರಿಸಲು ಬಂದ ಹುಡುಗಿಗೆ ಇಪ್ಪತ್ತಿರಬಹುದು. ಅತ್ತಿಗೆ ಪಕ್ಕದ ಖಾಲಿ ಸ್ಟೂಲನ್ನು ಕೌಂಟರಿನ ಆಚೆಗೆ ದಾಟಿಸಿ, "ಕೂತ್ಕೊಂಡೇ ತೋರ್ಸವ್ವ, ನಮಗೇನು ಅವಸರ ಇಲ್ಲ" ಎಂದರು. ಅವಳು ನಕ್ಕಳು. ಏನೂ ಹೇಳದೆ ಕಣ್ಣಲ್ಲೇ ಮೇಲಕ್ಕೆ ತೋರಿಸಿದಳು. ಸೂರಿನ ಮೂಲೆಯಲ್ಲಿ ಕ್ಯಾಮೆರಾ ಇತ್ತು. ನಾವು ಹದಿನೆಂಟು ಸೀರೆ ನೋಡಿದೆವು, ಅಷ್ಟೂ ಹೊತ್ತು ಸ್ಟೂಲು ಅವಳ ಮೊಣಕಾಲಿಗೆ ತಾಕಿಕೊಂಡೇ ಇತ್ತು.